ಕುಳ್ಳಯ್ಯನ ಗೆರೆ

ರುದ್ರಸ್ವಾಮಿಗಳ ಪಾಂಡಿತ್ಯದ ಬಗ್ಗೆ ಹುಣಸೂರಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅದನ್ನು ಪರೀಕ್ಷೆ ಮಾಡುವಷ್ಟು ಓದಿದವರು ಅಲ್ಲಿ ಯಾರೂ ಇರಲಿಲ್ಲ, ಅಷ್ಟೇ ಕಾರಣ. ಅವರು ಪೇಟೆಯ ಶಾಲೆಯ ಹೆಡ್ ಮೇಷ್ಟರು. ಮುಚ್ಚುಕೋಟು, ಜರಿಪೇಟ, ಕೋಟಿನ ಜೇಬಿನಲ್ಲಿ ಒಂದು ಭೂತಗನ್ನಡಿ. ಆ ಭೂತಗನ್ನಡಿಯಲ್ಲಿ ಅವರು ತಾಮ್ರಶಾಸನ ನೋಡಿದ್ದಕ್ಕಿಂತ ಹಪ್ಪಳದಲ್ಲಿ ಕೂದಲು ಹುಡುಕಿದ್ದೇ ಹೆಚ್ಚು. ನಾನು ಅವರ ಕೈಕೆಳಗೆ ಕಟ್ಟೆಮಳಲವಾಡಿಯ ಹಳ್ಳಿ ಶಾಲೆಯ ಮೇಷ್ಟ್ರು, ಹೆಸರು ನಿಂಗರಾಜು. ನನ್ನ ಅಕ್ಷರ ದುಂಡಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈ ಎರಡು ಗುಣಗಳಿಗಾಗಿ ಅವರು ನನ್ನನ್ನು ಬಹಳ ಮೆಚ್ಚಿಕೊಂಡಿದ್ದರು.

ಸಾವಿರದ ಒಂಬೈನೂರ ಮೂವತ್ತೇಳರ ಬೇಸಿಗೆಯಲ್ಲಿ ಮೈಸೂರಿನ ಕೆಲವು ವಿದ್ವಾಂಸರು ಸೇರಿ ಹಳೆಯ ಕಸುಬಿನ ಮಾತುಗಳನ್ನೆಲ್ಲ ಕೂಡಿಸಿ ಒಂದು ನಿಘಂಟು ಮಾಡುತ್ತೇವೆಂದು ಊರೂರಿಗೆ ಚೀಟಿಗಳನ್ನು ಕಳಿಸಿದರು. ಒಂದು ಮಾತು, ಅದರ ಅರ್ಥಗಳು, ಹಿಂದೆ ಯಾರು ಹೇಗೆ ಬಳಸುತ್ತಿದ್ದರು, ಈಗಲೂ ಬಳಕೆಯಲ್ಲಿದೆಯೇ, ಇಷ್ಟನ್ನು ಬರೆದು ಕಳಿಸಬೇಕು. ರುದ್ರಸ್ವಾಮಿಗಳ ಪಾಲಿಗೆ ಬಂದದ್ದು 'ಅರಗು'. ಪುಸ್ತಕದ ಕೊನೆಯಲ್ಲಿ ಸಹಾಯ ಮಾಡಿದವರ ಹೆಸರು ಅಚ್ಚಾಗುತ್ತದೆ ಎಂದು ಕೇಳಿದ ದಿನದಿಂದ ಅವರಿಗೆ ನಿದ್ದೆ ಹಾರಿಹೋಯಿತು.

ಅವರು ಮೊದಲ ನಾಲ್ಕು ಪುಟ ಅರಗಿನ ಮನೆಯ ಕತೆ ಬರೆದರು. ಆ ಕತೆ ಗೊತ್ತಿಲ್ಲದ ಮಗು ಈ ತಾಲ್ಲೂಕಿನಲ್ಲಿ ಹುಟ್ಟಿಲ್ಲ. ಆಮೇಲೆ ಊಟ ಅರಗುವ ವಿಷಯಕ್ಕೆ ಎರಡು ಪುಟ. ಅದು ಬೇರೆಯೇ ಮಾತಲ್ಲವೇ ಸ್ವಾಮಿ ಎಂದು ಕೇಳಿದ್ದಕ್ಕೆ ನನಗೆ ಬೈಗುಳ ಬಿತ್ತು. ಕಚೇರಿಯ ಥೈಲಿಗೆ ಮೊಹರು ಒತ್ತುವ ಅರಗು, ಕುಡುಗೋಲಿನ ಹಿಡಿಗೆ ಕಾಯಿಸಿ ತುಂಬುವ ಅರಗು, ಪೊಳ್ಳು ಒಡವೆಯ ಹೊಟ್ಟೆಗೆ ಹಾಕಿ ತೂಕ ಹೆಚ್ಚಿಸುವ ಅರಗು ಇವೆಲ್ಲ ಒಂದೊಂದು ಸಾಲಿನಲ್ಲಿ ಮುಗಿದವು. ತೊಟ್ಟಿಲು, ಬುಗುರಿ, ಮಂಚದ ಕಾಲುಗಳ ಮೇಲೆ ಕನ್ನಡಿಯಂತೆ ಹೊಳೆಯುವ ಅರಗಿಗೆ ಅವರು ಬರೆದದ್ದು ಇಷ್ಟು: 'ಮರದ ಮೇಲೆ ಕುಂಚದಿಂದ ಬಳಿಯುವ ಮೆರುಗು'.

ನಾನು ಇದ್ದ ಕೋಣೆಯ ಗೋಡೆಯಾಚೆಯೇ ಅರಗಿನ ಕೆಲಸದ ಕುಳ್ಳಯ್ಯನ ಮನೆ. ಅಲ್ಲಿ ಕುಂಚ ಎಂಬ ವಸ್ತುವೇ ಇರಲಿಲ್ಲ. ಹಾಲೆ ಮರದ ತುಂಡನ್ನು ತಿರುಗಣೆಗೆ ಸಿಕ್ಕಿಸಿ, ಒಬ್ಬರು ಹಗ್ಗ ಎಳೆದು ಅದನ್ನು ಗಿರ್ರನೆ ತಿರುಗಿಸುತ್ತಾರೆ. ಇನ್ನೊಬ್ಬರು ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯ ಪಟ್ಟಿ ಹಿಡಿದು ನಯ ಮಾಡಿದರೆ ಒಂದು ಗಳಿಗೆಯಲ್ಲಿ ಮಂಕು ಬಣ್ಣವೆಲ್ಲ ಫಳಕ್ಕನೆ ಹೊಳೆಯುತ್ತದೆ. ಅದಕ್ಕೆ ಅವರ ಮನೆಯಲ್ಲಿ 'ಅರಗು ಕಣ್ಣು ಬಿಟ್ಟಿತು' ಎನ್ನುತ್ತಿದ್ದರು. ಇದನ್ನು ನಾನು ರುದ್ರಸ್ವಾಮಿಗಳಿಗೆ ಹೇಳಿದೆ. ಕುಂಚವಿಲ್ಲದೆ ಬಣ್ಣ ಹಚ್ಚುವುದನ್ನು ಯಾವ ಗ್ರಂಥದಲ್ಲೂ ಕಂಡಿಲ್ಲ ಎಂದರು. ಆದರೂ ಕುಳ್ಳಯ್ಯನ ಹೆಸರು ಕೇಳಿ ಅವರ ಕಿವಿ ನಿಮಿರಿತು.

ಏಕೆಂದರೆ ಹುಣಸೂರಿನ ದೊಡ್ಡ ಮನೆಗಳಲ್ಲಿ ಕುಳ್ಳಯ್ಯನ ತೊಟ್ಟಿಲೆಂದರೆ ಒಂದು ಘನತೆಯ ಮಾತು. ತೊಟ್ಟಿಲಿನ ನಾಲ್ಕು ಕಾಲುಗಳ ತುದಿಯಲ್ಲಿ ಒಂದೊಂದು ಗುಂಡು. ಗುಂಡಿನ ಕೆಳಗೆ, ಕತ್ತಿನ ಸುತ್ತ, ಕೂದಲೆಳೆಯಷ್ಟು ಸಣ್ಣ ಒಂದು ಗೆರೆ. ಅದಕ್ಕೆ ಜನ 'ಕುಳ್ಳಯ್ಯನ ಗೆರೆ' ಎಂದು ಹೆಸರಿಟ್ಟಿದ್ದರು. ಹೊಗೆಸೊಪ್ಪಿನ ಮಂಡಿಯ ಸಾಹುಕಾರರು ನಾಮಕರಣಕ್ಕೆ ಹೋದರೆ ಮೊದಲು ಮಗುವಿನ ಮುಖ ನೋಡುತ್ತಿರಲಿಲ್ಲ, ಬಗ್ಗಿ ತೊಟ್ಟಿಲಿನ ಕತ್ತು ನೋಡುತ್ತಿದ್ದರು. ಗೆರೆ ಇದ್ದರೆ ತಲೆದೂಗುವುದು, ಇಲ್ಲದಿದ್ದರೆ ಮೂಗು ಮುರಿಯುವುದು. ಮೆರುಗು ಹೇಗಿದೆ ಎಂದು ಒಬ್ಬರಾದರೂ ಕೈಯಾಡಿಸಿ ನೋಡಿದ್ದನ್ನು ನಾನು ಕಂಡಿಲ್ಲ.

ವೈಶಾಖದಲ್ಲಿ ರುದ್ರಸ್ವಾಮಿಗಳನ್ನು ನಾನೇ ಕುಳ್ಳಯ್ಯನ ಮನೆಗೆ ಕರೆದುಕೊಂಡು ಹೋದೆ. ಗೋಡೆಗೆ ಕಿವಿಯಿಟ್ಟವನಾದ್ದರಿಂದ ಒಂದು ವಿಷಯ ನನಗೆ ಗೊತ್ತಿತ್ತು. ಕುಳ್ಳಯ್ಯನ ಕೈ ನಡುಗಲು ಶುರುವಾಗಿ ಇಪ್ಪತ್ತು ವರ್ಷವಾಗಿತ್ತು. ಅಂದಿನಿಂದ ಕಡ್ಡಿ ಒತ್ತುತ್ತಿದ್ದವಳು ಅವನ ಹೆಂಡತಿ ಚಿಕ್ಕಸಿದ್ದಮ್ಮ. ಹಗ್ಗ ಎಳೆಯುತ್ತಿದ್ದದ್ದು ಮೊದಲು ಅತ್ತೆ, ಆಮೇಲೆ ಮಗಳು ಮಾಯಮ್ಮ. ಕುಳ್ಳಯ್ಯ ಜಗಲಿಯ ಮೇಲೆ ಕೂತು ಹೊಗೆಸೊಪ್ಪು ಜಗಿಯುತ್ತ ಹೊಗಳಿಕೆ ಸ್ವೀಕರಿಸುತ್ತಿದ್ದ. ಹೆಂಗಸು ಕಡ್ಡಿ ಮುಟ್ಟಿದರೆ ಅರಗು ಕಣ್ಣು ಬಿಡುವುದಿಲ್ಲ ಎಂಬುದು ಆ ಕಸುಬಿನವರ ನಂಬಿಕೆ. ಅದನ್ನು ಬಂದವರಿಗೆಲ್ಲ ಬಹಳ ಗಂಭೀರವಾಗಿ ಹೇಳುತ್ತಿದ್ದವನೂ ಅವನೇ. ಅವನ ಬೆನ್ನ ಹಿಂದೆಯೇ ದಿನವೂ ಅರಗು ಕಣ್ಣು ಬಿಡುತ್ತಿತ್ತು.

ಹೆಡ್ ಮೇಷ್ಟರು ಬಂದರೆಂದು ಅವತ್ತು ಅವನು ತಿರುಗಣೆಯ ಮುಂದೆ ಕೂತ. ಹೆಂಡತಿಯನ್ನು ಹಗ್ಗಕ್ಕೆ ಕೂರಿಸಿದ. ಕಡ್ಡಿಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಗಂಟೆಗಟ್ಟಲೆ ಮಾತಾಡಿದ. ಗೆರೆಯ ಗುಟ್ಟೇನು ಎಂದು ರುದ್ರಸ್ವಾಮಿಗಳು ಕೇಳಿದರು. ಅದು ತನ್ನ ತಾತನಿಂದ ಬಂದ ಕೈಚಳಕ, ಅದಕ್ಕೊಂದು ಬೇರೆ ಉಳಿಯುಂಟು, ಅಮಾವಾಸ್ಯೆಯ ದಿನ ಮಸೆಯಬೇಕು, ಯಾರಿಗೂ ತೋರಿಸಬಾರದು ಎಂದ. ರುದ್ರಸ್ವಾಮಿಗಳು ಅಷ್ಟನ್ನೂ ನನ್ನ ಕೈಯಲ್ಲಿ ಬರೆಸಿದರು. ಚಿಕ್ಕಸಿದ್ದಮ್ಮ ಹಗ್ಗ ಹಿಡಿದು ನೆಲ ನೋಡುತ್ತಿದ್ದಳು. ಅವಳು ನಗುತ್ತಿದ್ದಾಳೆಂದು ನನಗೆ ಅನಿಸಿತು. ಅವಳನ್ನು ಒಂದು ಮಾತೂ ಕೇಳದೆ ನಾವು ಗಾಡಿ ಹತ್ತಿದೆವು.

ಆ ಟಿಪ್ಪಣಿ ಹೀಗಾಯಿತು: 'ಗೆರೆ: ಅರಗಿನ ಮೆರುಗಿಗೆ ಕಿರೀಟಪ್ರಾಯವಾದ ಅಲಂಕಾರ. ವಂಶಪಾರಂಪರ್ಯದ ಗುಪ್ತ ಉಳಿಯಿಂದ ಪುರುಷ ಶಿಲ್ಪಿಗಳು ಮಾತ್ರ ಎಳೆಯಬಲ್ಲರು.' ದುಂಡಗಿನ ಅಕ್ಷರದಲ್ಲಿ ಇದನ್ನು ನಕಲು ಮಾಡಿದವನು ನಾನು. ಸುಳ್ಳೆಂದು ಗೊತ್ತಿದ್ದೂ ಮಾಡಿದೆ. ಕಾಯಂ ಆಗುವ ಕಾಗದಕ್ಕೆ ಅವರ ರುಜು ಬೇಕಾಗಿತ್ತು.

ಆಷಾಢದಲ್ಲಿ ಕುಳ್ಳಯ್ಯ ಸತ್ತ. ಹತ್ತನೆಯ ದಿನ ಊರಿನ ಹೆಂಗಸರು ಚಿಕ್ಕಸಿದ್ದಮ್ಮನನ್ನು ಹೊಳೆಗೆ ಕರೆದುಕೊಂಡು ಹೋಗಿ ಕೈಯ ಬಳೆಗಳನ್ನು ಒಡೆದು ಬಂದರು. ಅವಳು ಅತ್ತದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತು. ಎಂಟು ದಿನ ಬಿಟ್ಟು ತಿರುಗಣೆಯ ಸದ್ದೂ ಕೇಳಿಸಿತು.

ಅವಳು ಸುಮ್ಮನಿರುವಂತಿರಲಿಲ್ಲ. ಹುಣಸೂರಿನ ಹೊಗೆಸೊಪ್ಪಿನ ಸಾಹುಕಾರ ಗುರುಮಲ್ಲಪ್ಪನವರ ಸೊಸೆ ನೀಲಾಂಬಿಕೆ ತುಂಬಿದ ಬಸುರಿ. ತೊಟ್ಟಿಲಿಗೆ ಕುಳ್ಳಯ್ಯ ಬದುಕಿದ್ದಾಗಲೇ ಮಾತಾಗಿತ್ತು. ಅದೊಂದು ಆ ಮನೆ ಸೇರಿದರೆ ಉಳಿದ ಮನೆಗಳೂ ಅಮ್ಮ ಮಗಳಲ್ಲಿಗೇ ಬರಬಹುದು. ಸೇರದಿದ್ದರೆ ತಿರುಗಣೆ ಒಲೆಗೆ, ಅವರಿಬ್ಬರೂ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಕೂಲಿಗೆ. ಮಾಯಮ್ಮನ ಗಂಡ ಕೊಡಗಿನ ತೋಟಕ್ಕೆ ಹೋದವನು ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಅವಳಿಗೂ ಆಗ ಐದು ತಿಂಗಳು. ಆ ಹೊಟ್ಟೆ ಹೊತ್ತುಕೊಂಡೇ ಅವಳು ಹಗ್ಗ ಎಳೆದಳು.

ಆದರೆ ವಿಧವೆಯ ಕೈಯಲ್ಲಿ ಆದ ತೊಟ್ಟಿಲಿನಲ್ಲಿ ಯಾವ ಮನೆಯವರು ಹಸುಗೂಸನ್ನು ಮಲಗಿಸುತ್ತಾರೆ? ಅದಕ್ಕೆ ಚಿಕ್ಕಸಿದ್ದಮ್ಮ ನನ್ನಲ್ಲಿಗೆ ಬಂದು ಒಂದು ಚೀಟಿ ಬರೆಸಿಕೊಂಡಳು. 'ಈ ತೊಟ್ಟಿಲನ್ನು ಕುಳ್ಳಯ್ಯ ತೀರಿಕೊಳ್ಳುವ ಮೊದಲು ಮುಗಿಸಿದ್ದು.' ಈ ಸುಳ್ಳನ್ನೂ ನಾನೇ ಬರೆದೆ. ಎರಡು ಸುಳ್ಳುಗಳಲ್ಲಿ ನನಗೆ ನಾಚಿಕೆಯಾಗದಿದ್ದದ್ದು ಇದೊಂದಕ್ಕೆ.

ದಸರಾ ಕಳೆದ ಮೇಲೆ ನೀಲಾಂಬಿಕೆ ಗಂಡು ಹೆತ್ತಳು. ನಾಮಕರಣದ ಹಿಂದಿನ ದಿನ ಬೆಳಿಗ್ಗೆ ಗಾಡಿಯಲ್ಲಿ ತೊಟ್ಟಿಲು ಹೇರಿಕೊಂಡು ಅಮ್ಮ, ಮಗಳು, ಜೊತೆಗೆ ನಾನು ಲಕ್ಷ್ಮಣತೀರ್ಥ ಹೊಳೆ ದಾಟಿ ಹುಣಸೂರಿಗೆ ಹೋದೆವು. ಹುಲ್ಲು ಸರಿಸಿ ಅದನ್ನು ಗುರುಮಲ್ಲಪ್ಪನವರ ಹಜಾರದಲ್ಲಿ ಇಳಿಸಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದು ನೋಡಿದೆ. ಅಂಥ ಕೆಲಸ ಅವಳಿಂದಲೂ ಅದುವರೆಗೆ ಆಗಿರಲಿಲ್ಲ. ಕೆಂಪು ಒಳಗಿನಿಂದ ಬೆಳಗುತ್ತಿತ್ತು. ಹಜಾರದ ಕಂಬ, ಬಾಗಿಲು, ನಿಂತಿದ್ದ ನಮ್ಮ ಕಾಲುಗಳು ಎಲ್ಲವೂ ಆ ಗುಂಡುಗಳಲ್ಲಿ ಕಾಣುತ್ತಿದ್ದವು.

ಗುರುಮಲ್ಲಪ್ಪನವರ ಮುಖ ಅರಳಿತು. ಅಷ್ಟರಲ್ಲಿ ಅಲ್ಲಿ ಬೆಳಗಿನ ಉಪ್ಪಿಟ್ಟಿಗೆ ಬಂದಿದ್ದ ರುದ್ರಸ್ವಾಮಿಗಳು ಕೈ ತೊಳೆದುಕೊಂಡು ಬಂದರು. ಬಂದವರು ಸುಮ್ಮನಿರಬೇಕಲ್ಲ. ಇದು ಮಹಾಶಿಲ್ಪಿಯ ಕೊನೆಯ ಕೃತಿ ಎಂದು ಒಂದು ಸಣ್ಣ ಭಾಷಣ ಮಾಡಿದರು. ಭೂತಗನ್ನಡಿ ತೆಗೆದು ಮೊದಲ ಕಾಲಿನ ಕತ್ತು ನೋಡಿದರು. ಎರಡನೆಯದು ನೋಡಿದರು. ನಾಲ್ಕೂ ನೋಡಿ ಮುಗಿಸುವ ಹೊತ್ತಿಗೆ ಅವರ ಹುಬ್ಬು ಪೇಟದೊಳಕ್ಕೆ ಹೋಗಿತ್ತು.

ಗೆರೆ ಇರಲಿಲ್ಲ. ಕತ್ತು ನುಣ್ಣಗಿತ್ತು.

ಇದು ಕುಳ್ಳಯ್ಯನದಲ್ಲ, ಎಲ್ಲೋ ಸಂತೆಯಲ್ಲಿ ಕೊಂಡ ಸರಕು ಎಂದು ರುದ್ರಸ್ವಾಮಿಗಳು ತೀರ್ಪು ಕೊಟ್ಟರು. ಸತ್ತವನ ಹೆಸರಿನಲ್ಲಿ ಮೋಸ ಎಂದರು. ಗುರುಮಲ್ಲಪ್ಪನವರ ಅರಳಿದ ಮುಖ ಮುದುಡಿತು. ತಾವಾಗಿ ಆ ತೊಟ್ಟಿಲನ್ನು ನೋಡಿ ಎರಡು ನಿಮಿಷದ ಹಿಂದೆ ಹಿಗ್ಗಿದ್ದವರೇ ಅವರು, ಈಗ ಅದರ ಬಣ್ಣವೂ ಸಪ್ಪೆ ಎಂದುಬಿಟ್ಟರು. ತೊಟ್ಟಿಲಿನ ಜೊತೆ ತಂದಿದ್ದ ಚೀಟಿ ಯಾರು ಬರೆದದ್ದು ಎಂದು ಓದಿ ನೋಡಿ, ರುದ್ರಸ್ವಾಮಿಗಳು ಮೆಲ್ಲಗೆ ನನ್ನ ಕಡೆ ತಿರುಗಿದರು. ಅಕ್ಷರ ದುಂಡಗಿತ್ತಲ್ಲ. ನಾನು ನನ್ನ ಕಾಲ ಬೆರಳು ನೋಡಿಕೊಂಡೆ. ಆ ಕ್ಷಣಕ್ಕೆ ಬಾಯಿ ಬಿಟ್ಟಿದ್ದರೆ ಈ ಕತೆಯಲ್ಲಿ ನನಗೂ ಸ್ವಲ್ಪ ಮರ್ಯಾದೆ ಇರುತ್ತಿತ್ತು.

ಮಾಯಮ್ಮ ಅಳಲು ಶುರುಮಾಡಿದಳು. ಚಿಕ್ಕಸಿದ್ದಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಆ ಗೆರೆ ಅವ್ರುದಲ್ಲ ಬುದ್ದಿ, ನನ್ನ ಬಳೇದು," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳು ತನ್ನ ಬರಿಗೈಯನ್ನು ತೊಟ್ಟಿಲಿನ ಗುಂಡಿನ ಮೇಲೆ ಇಟ್ಟು ತೋರಿಸಿದಳು. ತಾಳೆಗರಿ ಹಿಡಿದು ಗುಂಡನ್ನು ನಯ ಮಾಡುವಾಗ ಮಣಿಕಟ್ಟು ಸರಿಯಾಗಿ ಕತ್ತಿನ ಹತ್ತಿರ ಬರುತ್ತದೆ. ಅಲ್ಲಿನ ಅರಗು ಇನ್ನೂ ಬಿಸಿ, ಮೆತ್ತಗೆ. ಗಾಜಿನ ಬಳೆಯ ಅಂಚು ಒಂದು ಕೂದಲಷ್ಟು ತಾಗಿದರೂ ತಿರುಗುವ ಮರದ ಸುತ್ತ ಗೆರೆ ಬೀಳುತ್ತದೆ. ಮುತ್ತೈದೆ ಬಳೆ ಬಿಚ್ಚಿಟ್ಟು ಕೆಲಸ ಮಾಡುವಂತಿಲ್ಲ. ಮೇಲಕ್ಕೆ ಸರಿಸಿಕೊಂಡರೆ ಜಾರುತ್ತಿದ್ದವು, ಬಟ್ಟೆ ಸುತ್ತಿದರೆ ಬಟ್ಟೆಯೇ ಅರಗಿಗೆ ಅಂಟುತ್ತಿತ್ತು.

"ಇಪ್ಪತ್ತು ವರ್ಸ ಆ ಗೆರೆ ಓಗ್ಲಿ ಅಂತ ಒದ್ದಾಡಿವ್ನಿ," ಎಂದಳು ಅವಳು. "ಅದು ಕೆಲ್ಸ ಕೆಟ್ಟಿರೋ ಗುರ್ತು ಕಣ್ರೀ. ಗೆರೆ ಬೀಳ್ದಂಗೆ ಬಂದಿರೋದು ಇದೊಂದೇ ತೊಟ್ಲು."

ರುದ್ರಸ್ವಾಮಿಗಳು ಭೂತಗನ್ನಡಿಯನ್ನು ಜೇಬಿಗೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕಡೆಗೆ, ಓದುಬರಹವಿಲ್ಲದ ಹೆಂಗಸಿನ ಮಾತು ಪ್ರಮಾಣವಾಗುವುದಿಲ್ಲ ಎಂದರು. ತಾವು ಗೆರೆಯ ಬಗ್ಗೆ ಮೈಸೂರಿಗೆ ಆಗಲೇ ಬರೆದು ಕಳಿಸಿಯಾಗಿದೆ, ಇನ್ನು ಅದು ಬೇರೆಯಾಗಿರಲು ಸಾಧ್ಯವಿಲ್ಲ ಎಂಬುದು ಅವರ ವಾದದ ತಿರುಳು.

ಗುರುಮಲ್ಲಪ್ಪನವರು ವ್ಯಾಪಾರಸ್ಥರು. ಅವರಿಗೆ ಸತ್ಯ ಯಾವುದು ಎಂಬ ಚಿಂತೆಗಿಂತ ನಾಳೆ ಬರುವ ಜನ ಏನನ್ನುತ್ತಾರೆ ಎಂಬ ಚಿಂತೆ ದೊಡ್ಡದು. ಅವರ ತಲೆಯಲ್ಲಿ ಲೆಕ್ಕ ಓಡುವುದು ಮುಖದ ಮೇಲೇ ಕಾಣುತ್ತಿತ್ತು. ಮೊದಲು, ಮುಂಡೆಯ ಕೈಯ ತೊಟ್ಟಿಲು ತನ್ನ ಮೊಮ್ಮಗನಿಗೆ ತರುತ್ತೀಯಾ ಎಂದು ಗದರಿದರು. ಆಮೇಲೆ ತೊಟ್ಟಿಲನ್ನು ಮತ್ತೊಮ್ಮೆ ನೋಡಿದರು. ಬೇರೆ ತೊಟ್ಟಿಲಿಗೆ ಹೊತ್ತಿರಲಿಲ್ಲ. ಹುಣಸೂರಿಗೆಲ್ಲ ಕುಳ್ಳಯ್ಯನ ತೊಟ್ಟಿಲೆಂದು ಸಾರಿಯಾಗಿತ್ತು. ಎರಡು ಸಲ ಮೀಸೆ ತಿರುವಿ, ದನಿ ತಗ್ಗಿಸಿ, ಒಂದು ದಾರಿ ಹೇಳಿದರು. ವಿಷಯ ಈ ನಾಲ್ಕು ಗೋಡೆಯೊಳಗೇ ಇರಲಿ. ತೊಟ್ಟಿಲನ್ನು ಈಗಲೇ ವಾಪಸು ಒಯ್ದು, ಕಾಲು ಬಿಚ್ಚಿ ತಿರುಗಣೆಗೆ ಏರಿಸಿ, ನಾಲ್ಕಕ್ಕೂ ಗೆರೆ ಹಾಕಿ ಸಂಜೆಯೊಳಗೆ ತರಲಿ. ಬಳೆ ಇಲ್ಲವೆಂದರೆ ಬಳೆಯನ್ನು ತಾವೇ ಕೊಡುವುದಾಗಿ ಹೇಳಿದರು.

ಒಳಗೆ ಕೂಗಿ ಹೇಳಿದರು. ಬಾಣಂತಿ ಕೋಣೆಯಿಂದ ನೀಲಾಂಬಿಕೆಯ ಒಂದು ಹಸಿರು ಗಾಜಿನ ಬಳೆ ಬಂತು. ಅದನ್ನು ಅವರು ಚಿಕ್ಕಸಿದ್ದಮ್ಮನ ಮುಂದೆ, ತೊಟ್ಟಿಲಿನ ಅಂಚಿನ ಮೇಲೆ ಇಟ್ಟರು. ಕೈಗೆ ಕೊಡಲಿಲ್ಲ.

"ಗೆರೆ ಬಿದ್ದೇಟ್ಗೆ ಬಿಚ್ಚಾಕ್ಬುಡು," ಎಂದರು. "ಬಳೇನ ವಾಪಸ್ ತಂದ್ಕೊಡು."

ಒಂದು ಗಾಜಿನ ಬಳೆ. ಸಂತೆಯಲ್ಲಿ ಹಿಡಿ ತುಂಬ ಸಿಗುವಂಥದು. ಅದನ್ನೂ ಸಾಹುಕಾರರು ವಾಪಸು ಕೇಳಿದರು. ರುದ್ರಸ್ವಾಮಿಗಳು ಇದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ ಎಂದು ಒಪ್ಪಿಗೆಯನ್ನೂ ಕೊಟ್ಟರು. ನನಗೆ ಅಲ್ಲೇ ಉಗಿಯಬೇಕೆನಿಸಿತು. ಉಗುಳು ನುಂಗಿಕೊಂಡೆ. ಆ ದಿನ ನಾನು ನುಂಗಿದ ಉಗುಳಿಗೆ ಮಿತಿಯಿಲ್ಲ.

ಮಾಯಮ್ಮ ಅಮ್ಮನ ಸೆರಗು ಜಗ್ಗಿ, ಹಾಕಿಕೊಂಡುಬಿಡವ್ವ, ಒಂದು ಗಳಿಗೆ ಅಲ್ಲವೇ ಎಂದು ಬೇಡಿದಳು. ಅವಳ ಹೊಟ್ಟೆಯೊಳಗಿನ ಚಿಂತೆ ಅವಳಿಗೆ. ಚಿಕ್ಕಸಿದ್ದಮ್ಮ ಬಳೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅವಳು ಕೈ ಚಾಚುತ್ತಾಳೆಂದೇ ನಾನು ತಿಳಿದೆ. ಚಾಚಿದ್ದರೆ ತಪ್ಪು ಹುಡುಕುವ ಯೋಗ್ಯತೆ ನನಗಂತೂ ಇರಲಿಲ್ಲ.

"ಆಸಾಡ್ದಲ್ಲಿ ಹನ್ನೆರಡು ಬಳೆ ಕಲ್ಲಿಗೆ ಕುಟ್ಟಿ ಒಡೆದ್ರು," ಎಂದಳು. "ಬ್ಯಾಡಿ ಅಂತ ಕೈ ಮುಗ್ದೆ. ಯಾರೂ ಕೇಳ್ನಿಲ್ಲ. ಇವತ್ತು ಗೆರೆ ಬೇಕು ಅಂತ ಬಳೆ ಎರವಲು ಕೊಡ್ತೀರಾ. ಗೆರೆ ಬೇಕಾದ್ರೆ ನೀವೇ ತೊಟ್ಕೊಂಡು ಹಾಕ್ಕೊಳಿ ಬುದ್ದಿ."

ಅವಳು ಬಳೆಯನ್ನು ಮುಟ್ಟಲಿಲ್ಲ. ತೊಟ್ಟಿಲಿನ ಒಂದು ಕಡೆ ತಾನು ಹಿಡಿದು ನನ್ನತ್ತ ನೋಡಿದಳು. ಬಳೆ ಉರುಳಿ ನೆಲಕ್ಕೆ ಬಿದ್ದು ಎರಡಾಯಿತು. ನಾನು ಹೋಗಿ ಇನ್ನೊಂದು ಕಡೆ ಹಿಡಿದೆ. ನನ್ನ ಇಪ್ಪತ್ತಾರು ವರ್ಷದ ಬಾಳಿನಲ್ಲಿ ಅದೇ ಮೊದಲ ನೆಟ್ಟಗಿನ ಕೆಲಸ, ಅದೂ ಅವಳು ನೋಡಿದ್ದರಿಂದ ಆದದ್ದು.

ಮಾರನೆಯ ದಿನದ ನಾಮಕರಣ ಭರ್ಜರಿಯಾಗಿ ನಡೆಯಿತು. ಗುರುಮಲ್ಲಪ್ಪನವರು ರಾತ್ರೋರಾತ್ರಿ ಎಲ್ಲಿಂದಲೋ ಒಂದು ಹಳೆಯ ತೊಟ್ಟಿಲು ತರಿಸಿ, ಅದಕ್ಕೆ ಡಬ್ಬಿಯ ವಾರ್ನಿಷ್ ಬಳಿಸಿ, ದಬ್ಬಳದಿಂದ ಕತ್ತಿಗೆ ಗೆರೆ ಗೀರಿಸಿದ್ದರಂತೆ. ಇಲ್ಲಿ ಕುಂಚ ಧಾರಾಳವಾಗಿ ಓಡಾಡಿತು, ರುದ್ರಸ್ವಾಮಿಗಳ ಅರ್ಥವಿವರಣೆ ಕೊನೆಗೂ ನಿಜವಾಯಿತು. ಬಂದವರೆಲ್ಲ ಬಗ್ಗಿ ಕತ್ತು ನೋಡಿ ತಲೆದೂಗಿದರು. ರುದ್ರಸ್ವಾಮಿಗಳು ಭೂತಗನ್ನಡಿ ಹಿಡಿದು ಗೆರೆಯನ್ನು ದೃಢಪಡಿಸಿದರು. ವಾರ್ನಿಷ್ ಒಣಗಿರಲಿಲ್ಲ, ಮಗುವನ್ನು ಎತ್ತುವಾಗ ಹೊಸ ರೇಷ್ಮೆ ಬಟ್ಟೆ ತೊಟ್ಟಿಲಿಗೇ ಅಂಟಿಕೊಂಡಿತು ಎಂದು ಅಡುಗೆಗೆ ಹೋಗಿದ್ದವರು ಹೇಳಿದರು. ಆದರೂ ಅದು ಕುಳ್ಳಯ್ಯನ ಕೊನೆಯ ತೊಟ್ಟಿಲೆಂದೇ ಹುಣಸೂರಿನಲ್ಲಿ ಹೆಸರಾಯಿತು.

ಚಿಕ್ಕಸಿದ್ದಮ್ಮನಿಗೆ ಆಮೇಲೆ ದೊಡ್ಡ ಮನೆಗಳಿಂದ ಒಂದು ತೊಟ್ಟಿಲಿನ ಕೆಲಸವೂ ಬರಲಿಲ್ಲ. ಅವಳು ಬುಗುರಿ, ಲಟ್ಟಣಿಗೆ, ಕುಂಕುಮದ ಭರಣಿ ಮಾಡಿ ಸರಗೂರಿನ ಸಂತೆಗೆ ಕಳಿಸತೊಡಗಿದಳು. ತಿರುಗಣೆ ಒಲೆಗೆ ಹೋಗಲಿಲ್ಲ, ಅಷ್ಟೇ. ಮಾರ್ಗಶಿರದಲ್ಲಿ ಮಾಯಮ್ಮ ಹೆಣ್ಣು ಹೆತ್ತಳು. ಸಾಹುಕಾರರ ಮೊಮ್ಮಗನಿಗೆ ಬೇಡವಾದ ತೊಟ್ಟಿಲಿನಲ್ಲಿ ಆ ಮಗು ಮಲಗಿತು. ಅದು ಎದ್ದು ಕೂರುವಂತಾದ ಮೇಲೆ ಕೇರಿಯ ಬಾಣಂತಿಯರು ಒಬ್ಬರಾದ ಮೇಲೊಬ್ಬರು ಅದನ್ನು ಮನೆಗೆ ಒಯ್ದರು, ಹಿಂದಿರುಗಿಸುವಾಗ ಒಂದು ಮೊರ ರಾಗಿ ಕೊಟ್ಟರು. ಬಳೆ ಒಡೆಯಲು ಹೊಳೆಗೆ ಹೋಗಿದ್ದ ಹೆಂಗಸರ ಮನೆಗಳಿಗೂ ಅದು ಹೋಗಿಬಂತು. ಅವಳು ಇಲ್ಲವೆನ್ನಲಿಲ್ಲ.

ನಾನು ಒಂದು ಹೊಸ ಚೀಟಿ ಬರೆದೆ. ಹೆಡ್ ಮೇಷ್ಟರ ರುಜುವಿಲ್ಲದೆ ಮೈಸೂರಿಗೆ ನೇರವಾಗಿ ಕಳಿಸುವುದು ಶಿಸ್ತಿಗೆ ವಿರುದ್ಧ. ಹಾಗೆ ಕಳಿಸಿದ್ದಕ್ಕೇ ಆಮೇಲೆ ನನ್ನನ್ನು ಸರಗೂರಿಗೆ ಎತ್ತಿ ಹಾಕಿದರು. ಅಂಚೆಗೆ ಹಾಕುವ ಮೊದಲು ಅದನ್ನು ಚಿಕ್ಕಸಿದ್ದಮ್ಮನಿಗೆ ಓದಿ ಹೇಳಿದೆ. ಅವಳು ಕಡ್ಡಿ ಒತ್ತುತ್ತಲೇ ಕೇಳಿದಳು. ಎಲ್ಲ ಸರಿಯಾಗಿದೆ, ಹಗ್ಗ ಎಳೆದವಳ ಹೆಸರಿಲ್ಲವಲ್ಲ ಎಂದಳು.

"ಅವಳು ಎಳೀದಿದ್ರೆ ಅರಗು ಕಣ್ಣು ಬುಡ್ತಿತ್ತಾ ಮೇಷ್ಟ್ರೇ?"

ನನಗೆ ಅದು ಹೊಳೆದೇ ಇರಲಿಲ್ಲ. ಇಷ್ಟೆಲ್ಲ ಕಂಡ ಮೇಲೂ ಹೊಳೆದಿರಲಿಲ್ಲ. ಅಲ್ಲೇ ಕೂತು ಸೇರಿಸಿದೆ. ಚೀಟಿಯಲ್ಲಿ ಇಷ್ಟಿತ್ತು:

'ಗೆರೆ: ಅರಗಿನ ಮೆರುಗಿನಲ್ಲಿ ಆಗುವ ಒಂದು ದೋಷ. ಕಟ್ಟೆಮಳಲವಾಡಿಯ ಚಿಕ್ಕಸಿದ್ದಮ್ಮ ಅರಗು ಹಚ್ಚುವಾಗ ಅವಳ ಕೈಬಳೆ ತಾಗಿ ಬೀಳುತ್ತಿತ್ತು. ಹಗ್ಗ ಎಳೆಯುವವಳು ಮಗಳು ಮಾಯಮ್ಮ. ಈಗ ಬೀಳುವುದಿಲ್ಲ.'